ಸೆರಗು ಹೊಲಿದ ಹೆಲ್ಮೆಟ್

ನನ್ನ ತಲೆ ಒಡೆದದ್ದು ಸೆರಗಿನ ದೆಸೆಯಿಂದ. ಇದನ್ನು ನಾನು ಹತ್ತು ಹನ್ನೆರಡು ವರ್ಷ ಹೇಳಿದ್ದೇನೆ. ಮನೆಯಲ್ಲಿ ಹೇಳಿದ್ದೇನೆ, ದವಾಖಾನೆಯಲ್ಲಿ ಹೇಳಿದ್ದೇನೆ, ಊರ ಹಿರಿಯರಿಗೆ ಬಾಗಿಲ ಮರೆಯಲ್ಲಿ ನಿಂತು ಹೇಳಿದ್ದೇನೆ. ಕೇಳಿದವರೆಲ್ಲ ತಲೆಯಾಡಿಸಿ, "ಖರೇ ಅದವ್ವಾ, ಈ ಸೈಕಲ್ ಭಾಳ ಕೆಟ್ಟ" ಎಂದು ಎದ್ದು ಹೋಗಿದ್ದಾರೆ. ಅವರ ಜೊತೆ ವಾದ ಮಾಡಿ ಮಾಡಿ ನನ್ನ ಗಂಟಲು ಸೋತಿದೆ. ಈಗ ಬರೆದಾದರೂ ನೋಡೋಣ ಎಂದು ಕುಳಿತಿದ್ದೇನೆ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ನಾನು ಸರಕಾರಿ ದಾದಿ, ಜನರ ಬಾಯಲ್ಲಿ ನರ್ಸಬಾಯಿ. ಅಫಜಲಪುರ ತಾಲ್ಲೂಕಿನಲ್ಲಿ, ಘತ್ತರಗಿಗೆ ಹೋಗುವ ರಸ್ತೆ ಬಿಟ್ಟು ಒಳಗೆ ಹೋದರೆ ಸಿಗುವ ಒಂದು ಊರಿನಲ್ಲಿ ನನ್ನ ಕೆಲಸ. ಸುತ್ತಲಿನ ಇನ್ನೂ ಮೂರು ಊರು ನನ್ನ ಲೆಕ್ಕಕ್ಕೇ. ಬಸುರಿಯರನ್ನು ನೋಡುವುದು, ಕೂಸುಗಳಿಗೆ ಸೂಜಿ ಹಾಕುವುದು, ಜ್ವರ ಬಂದವರಿಗೆ ಗುಳಿಗೆ ಕೊಡುವುದು, ಹೆರಿಗೆ ಮಾಡಿಸುವುದು. ಬಸ್ಸು ಮುಂಜಾನೆ ಒಂದು, ಸಂಜೆ ಒಂದು. ಹೆರಿಗೆ ನೋವು ಬಸ್ಸಿನ ಟೈಮ್ ಕೇಳಿ ಬರುವುದಿಲ್ಲವಾದ್ದರಿಂದ ನಾನು ಸೈಕಲ್ ಮೇಲೆ ತಿರುಗುತ್ತಿದ್ದೆ.

ಸೈಕಲ್ ನನಗೆ ಹೊಸದಲ್ಲ. ಆಳಂದದಲ್ಲಿ ನಮ್ಮಪ್ಪನದು ಸೈಕಲ್ ರಿಪೇರಿ ಅಂಗಡಿ. ಒಂಬತ್ತನೇ ವಯಸ್ಸಿಗೇ ಗಂಡಸರ ಸೈಕಲ್ಲಿನ ಅಡ್ಡ ದಂಡಿಯ ಕೆಳಗೆ ಕಾಲು ತೂರಿಸಿ ತುಳಿಯುವುದನ್ನು ಕಲಿತವಳು ನಾನು. ಪಂಕ್ಚರ್ ಹಾಕುತ್ತೇನೆ, ಚೈನ್ ಕೂಡಿಸುತ್ತೇನೆ, ಚಕ್ರ ಅಡ್ಡಾದರೆ ಕಡ್ಡಿ ಬಿಗಿದು ನೆಟ್ಟಗೆ ಮಾಡುತ್ತೇನೆ. ನೌಕರಿ ಸಿಕ್ಕಾಗ ಅಪ್ಪ ಒಂದು ಲೇಡೀಸ್ ಸೈಕಲ್ ತಾನೇ ಜೋಡಿಸಿ, ಸೀರೆ ಸಿಗಬಾರದೆಂದು ಹಿಂದಿನ ಚಕ್ರಕ್ಕೆ ಜಾಳಿಗೆ ಬಿಗಿದು, ಬಸ್ಸಿನ ಮೇಲೆ ಹಾಕಿ ಕಳಿಸಿದ. ಅಷ್ಟು ಚಂದದ ಸೈಕಲ್ ಆ ತಾಲ್ಲೂಕಿನಲ್ಲಿ ಇನ್ನೊಂದಿರಲಿಲ್ಲ ಎಂದು ಈಗಲೂ ನನ್ನ ನಂಬಿಕೆ.

ಕೆಲಸದ ಊರೇ ಗಂಡನ ಊರೂ ಆಗಿತ್ತು. ಎಲ್ಲರೂ ನನ್ನನ್ನು ಪುಣ್ಯವಂತೆ ಎಂದರು. ನಾನೂ ಹಾಗೇ ತಿಳಿದೆ. ನನ್ನ ಮೊದಲ ತಪ್ಪು ಅದೇ.

ಉಳಿದ ಮೂರು ಊರುಗಳಲ್ಲಿ ನಾನು ನರ್ಸಬಾಯಿ, ಗಂಡನ ಊರಿನಲ್ಲಿ ಮಾತ್ರ ಸೊಸೆ. ನಮ್ಮ ಕಡೆ ಊರಿನ ಮಗಳಾದವಳು ಬರಿದಲೆಯಲ್ಲಿ ಓಡಾಡಬಹುದು, ಯಾರೂ ಏನೂ ಅನ್ನುವುದಿಲ್ಲ. ಸೊಸೆಯಾದವಳು ಹಿರಿಯರ ಮುಂದೆ ತಲೆಯ ಮೇಲೆ ಸೆರಗಿಲ್ಲದೆ ಹಾಯುವಂತಿಲ್ಲ. ಹಿರಿಯರು ಕೂರುವುದೆಲ್ಲಿ? ಅಗಸಿಯಲ್ಲಿ. ಅಗಸಿ ಎಂದರೆ ಊರಿನ ಕಲ್ಲಿನ ಹೆಬ್ಬಾಗಿಲು. ಒಳಗೆ ಎರಡೂ ಬದಿ ಕಲ್ಲಿನ ಕಟ್ಟೆ, ಅದರ ಮೇಲೆ ಮುಂಜಾನೆಯಿಂದ ಸಂಜೆಯವರೆಗೆ ಐದಾರು ರುಮಾಲುಗಳು. ಅವುಗಳಲ್ಲಿ ದೊಡ್ಡ ರುಮಾಲು ನಮ್ಮ ದೊಡ್ಡ ಮಾವನದು. ನನ್ನ ಮಾವ ಮೊದಲೇ ತೀರಿಕೊಂಡಿದ್ದರಿಂದ, ಅವರ ಅಣ್ಣನಾದ ಈ ದೊಡ್ಡ ಮಾವನ ಮಾತೇ ನಮ್ಮ ಮನೆಗೂ ಕೊನೆಯ ಮಾತು. ಊರಿಗೆ ಬರಲು ಹೋಗಲು ಗಾಡಿದಾರಿ ಅದೊಂದೇ. ದಿನಕ್ಕೆ ನಾಲ್ಕು ಸಲ ಅವರೆದುರು ಹಾಯಬೇಕು.

ಶುರುವಿಗೆ ನಾನು ಅಗಸಿ ಮುಂದೆ ಇಳಿದು, ಸೆರಗು ಹೊದ್ದು, ಸೈಕಲ್ ತಳ್ಳಿಕೊಂಡು ದಾಟುತ್ತಿದ್ದೆ. ಇದರಿಂದ ಕೆಲಸಕ್ಕೆ ತಡವಾಗುತ್ತದೆ ಎಂದು ನಾನು ಮನೆಯಲ್ಲಿ ಹಾರಾಡಿದ ಮೇಲೆ ಅತ್ತೆಯೇ ಹೋಗಿ ದೊಡ್ಡ ಮಾವನ ಹತ್ತಿರ ಮಾತಾಡಿ ಬಂದರು. "ಇಳೀಲಿಲ್ಲಂದ್ರೂ ನಡೀತದಂತ. ಸೆರಗ ಮಾತ್ರ ಇರಬೇಕಂತ" ಎಂದರು, ಕೋರ್ಟಿನಲ್ಲಿ ಕೇಸು ಗೆದ್ದು ಬಂದವರ ಮುಖದಲ್ಲಿ. ನಾನೂ ಖುಷಿಪಟ್ಟೆ. ಅಂದಿನಿಂದ ಅಗಸಿ ಇಪ್ಪತ್ತು ಮಾರು ದೂರ ಇದ್ದಾಗ ಬಲಗೈ ಹ್ಯಾಂಡಲ್ ಬಿಡುತ್ತಿತ್ತು, ಸೆರಗನ್ನು ತಲೆಯ ಮೇಲೆ ಎಳೆದು ಕಿವಿಯ ಹತ್ತಿರ ಹಿಡಿದುಕೊಳ್ಳುತ್ತಿತ್ತು. ಎಡಗೈಯೊಂದರಲ್ಲೇ ಸೈಕಲ್ ನಡೆಸಿ ಅಗಸಿ ದಾಟುತ್ತಿದ್ದೆ. ಹೀಗೆ ಮೂರು ವರ್ಷ.

ಬಿದ್ದ ದಿನ ಗಾಳಿ ಜೋರಿತ್ತು. ಮಳೆಗಾಲದ ಮುಂಚಿನ ಧೂಳುಗಾಳಿ. ಕ್ಯಾರಿಯರ್ ಮೇಲೆ ಲಸಿಕೆಯ ಡಬ್ಬಿ, ಹ್ಯಾಂಡಲ್ಲಿಗೆ ಬ್ಯಾಗು. ಅಗಸಿಯೊಳಗೆ ನುಗ್ಗುವಷ್ಟರಲ್ಲಿ ಸೆರಗು ಬೆರಳಿಂದ ಜಾರಿ ಹಿಂದಕ್ಕೆ ಹಾರಿತು. ಜಾಳಿಗೆ ಮುಗಿಯುವ ಜಾಗದಲ್ಲಿ, ಡಬ್ಬಿಯ ಹಿಂದೆ, ಅದರ ತುದಿ ಚಕ್ರದ ಕಡ್ಡಿಗೆ ಸಿಕ್ಕಿತು. ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗಾಯಿತು. ಆಮೇಲೆ ಅಗಸಿಯ ಮೂಲೆಗಲ್ಲು ನನ್ನ ತಲೆಯ ಎಡಬದಿಗೆ ಬಡಿದದ್ದು ನೆನಪಿದೆ. ಅದರಾಚೆ ನೆನಪಿಲ್ಲ.

ಕಣ್ಣು ಬಿಟ್ಟದ್ದು ಸೊಲ್ಲಾಪುರದ ಒಂದು ದವಾಖಾನೆಯಲ್ಲಿ. ನಮ್ಮ ಕಡೆಯವರು ದೊಡ್ಡ ಬೇನೆಗೆಲ್ಲ ಅಲ್ಲಿಗೇ ಓಡುವುದು. ಡಾಕ್ಟರು ಮರಾಠಿ ಬೆರೆತ ಕನ್ನಡದಲ್ಲಿ ಮಾತಾಡುವ ಸಾವಕಾಶದ ಮನುಷ್ಯ. ಒಡೆದ ಎಲುಬಿನ ಒಂದು ಚೂರನ್ನು ತೆಗೆದುಹಾಕಿದ್ದರು. ನನ್ನ ಬೆರಳನ್ನೇ ಹಿಡಿದು ಆ ಜಾಗದ ಸುತ್ತ ಆಡಿಸಿ ತೋರಿಸಿದರು. ಅಡಿಕೆ ಹೋಳಿನಷ್ಟು ಜಾಗ, ಮೆತ್ತಗೆ ಹತ್ತಿತು.

"ಬಾಯಿ, ಇಲ್ಲಿ ಎಲುಬಿಲ್ಲ, ಬರೇ ಚರ್ಮ ಅದ. ಮುಂದ ನೋಡಿ ಇನ್ನೊಂದು ಆಪರೇಷನ್ ಮಾಡಿ ಮುಚ್ಚೂಣು. ಅಲ್ಲೀತನಕ ಇಲ್ಲೇ ಮತ್ತೊಮ್ಮಿ ಬಡೀತಂದ್ರ ನಾ ಏನೂ ಮಾಡಾಕಾಗೂದಿಲ್ಲ. ಸೈಕಲ್ ಬಿಡ್ರಿ. ಬಿಡಾಕಾಗೂದಿಲ್ಲಂದ್ರ ಹೆಲ್ಮೆಟ್ ಹಾಕ್ಕೋರಿ."

"ಸೆರಗ ಬಿಟ್ರ ನಡೀತದೇನ್ರಿ?" ಎಂದು ಕೇಳಿದೆ.

ಅವರು ನಕ್ಕುಬಿಟ್ಟರು. "ಅದು ನನ್ನ ಡಿಪಾರ್ಟ್‌ಮೆಂಟ್ ಅಲ್ರಿ ಬಾಯಿ."

ಯಾರ ಡಿಪಾರ್ಟ್‌ಮೆಂಟೂ ಆಗಿರಲಿಲ್ಲ. ಊರಿಗೆ ಬಂದು ಮಲಗಿದ್ದ ಎರಡು ತಿಂಗಳು ನೋಡಲು ಬಂದವರೆಲ್ಲ ಸೈಕಲ್ಲಿಗೆ ಬೈದರು. ಅಪ್ಪನಿಗೆ ಬೈದರು, ಹೆಣ್ಣುಮಗಳಿಗೆ ಸೈಕಲ್ ಕೊಟ್ಟನಲ್ಲ ಎಂದು. ಗಾಳಿಗೆ ಬೈದರು. ಒಬ್ಬಳಂತೂ ಮೂಲೆಗಲ್ಲಿಗೆ ದೃಷ್ಟಿ ತೆಗೆಸಬೇಕು ಎಂದಳು. ಸೆರಗಿಗೆ ಒಂದು ಮಾತು ಬೈದವರಿಲ್ಲ. ನಾನು ಹೇಳಲು ಹೋದರೆ, ಪಾಪ ತಲೆಗೆ ಪೆಟ್ಟು ಬಿದ್ದಿದೆ ಎಂಬಂತೆ ನೋಡುತ್ತಿದ್ದರು.

ಸೈಕಲ್ ಬಿಡುವ ಮಾತೇ ಇರಲಿಲ್ಲ. ಸೈಕಲ್ ಬಿಟ್ಟರೆ ನಾಲ್ಕು ಊರು ನಡೆದು ಮುಗಿಯುವುದಿಲ್ಲ, ಕೆಲಸ ಮುಗಿಯದಿದ್ದರೆ ನೌಕರಿ ಉಳಿಯುವುದಿಲ್ಲ. ಉಳಿದದ್ದು ಹೆಲ್ಮೆಟ್. ಅಫಜಲಪುರದ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದ ನನ್ನ ಗಂಡ ಕಲಬುರ್ಗಿಗೆ ಹೋಗಿ ಒಂದನ್ನು ತಂದರು. ಮೋಟಾರ್ ಸೈಕಲ್ಲಿನವರು ಹಾಕುವಂಥದು, ಕೆಂಪು ಬಣ್ಣ, ಮುಖ ಬಿಟ್ಟು ಕಿವಿಯವರೆಗೆ ಮುಚ್ಚುವಂಥದು. ಅದನ್ನು ಪಡಸಾಲೆಯ ನಡುವೆ ಇಟ್ಟು ನಾವು ಮೂವರೂ ಸುತ್ತ ಕುಳಿತು ನೋಡಿದೆವು.

ಅತ್ತೆ ಅದನ್ನು ಎರಡೂ ಕೈಯಲ್ಲಿ ಎತ್ತಿ, ತಿರುಗಿಸಿ, ಒಳಗೆ ಇಣುಕಿ, ಕೊನೆಗೆ ಕೇಳಿದರು: "ಸೆರಗ ಎಲ್ಲಿ ಬರ್ತದ ಇದಕ್ಕ?"

ನನಗೆ ಕಿರುಚಬೇಕೆನಿಸಿತು. ತಲೆಗೆ ಹೊಲಿಗೆ ಹಾಕಿದ್ದರಿಂದ ಕಿರುಚಲಿಲ್ಲ.

ಆಮೇಲೆ ಎರಡು ದಿನ ನಮ್ಮ ಮನೆಯಲ್ಲಿ ಪ್ರಯೋಗ ನಡೆಯಿತು. ಸೆರಗು ಹೊದ್ದು ಅದರ ಮೇಲೆ ಹೆಲ್ಮೆಟ್ ಇಟ್ಟರೆ, ಬಟ್ಟೆಯ ಮೇಲೆ ಜಾರಿ ಅದು ಕಣ್ಣಿಗೆ ಬರುತ್ತಿತ್ತು. ಹೆಲ್ಮೆಟ್ಟಿನ ಮೇಲೆ ಸೆರಗು ಹೊದ್ದರೆ ಸೆರಗು ನಿಲ್ಲುತ್ತಿರಲಿಲ್ಲ, ಮತ್ತೆ ಕೈಯಲ್ಲೇ ಹಿಡಿಯಬೇಕು. ನನ್ನ ಗಂಡ ಪಿನ್ನು ಚುಚ್ಚಲು ನೋಡಿದರು. ಹೆಲ್ಮೆಟ್ಟಿಗೆ ಪಿನ್ನು ಚುಚ್ಚುವ ಮನುಷ್ಯನ ಜೊತೆ ಸಂಸಾರ ಮಾಡಿದ್ದೇನೆ ನಾನು. ಒಳ್ಳೆಯವರು, ಸುಳ್ಳು ಹೇಳಬಾರದು, ಆದರೆ ದೊಡ್ಡ ಮಾವನ ಎದುರು ಅವರ ನಾಲಿಗೆ ಮೂರು ಮಡಿಕೆಯಾಗುತ್ತಿತ್ತು.

ಕೊನೆಗೆ ದೊಡ್ಡ ಮಾವನೇ ಮನೆಗೆ ಬಂದರು. ಪಡಸಾಲೆಯಲ್ಲಿ ಕುಳಿತು ಚಹಾ ಕುಡಿಯುತ್ತ ತೀರ್ಮಾನ ಕೊಟ್ಟರು. ಹೊರಗೆ ಎಲ್ಲಿಯಾದರೂ ಹಾಕಿಕೊಳ್ಳಲಿ, ಅಗಸಿಗೆ ಬಂದಾಗ ತೆಗೆದು, ಸೆರಗು ಹೊದ್ದು ದಾಟಲಿ, ಆಮೇಲೆ ಬೇಕಾದರೆ ಮತ್ತೆ ಹಾಕಿಕೊಳ್ಳಲಿ. ಸೊಸೆ ಹಿರಿಯ ಮಾವನ ಜೊತೆ ನೇರ ಮಾತಾಡುವಂತಿಲ್ಲವಾದ್ದರಿಂದ ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದೆ. ನಾನು ಹೇಳಿದ್ದನ್ನು ಅತ್ತೆ ಅವರಿಗೆ ಹೇಳಬೇಕು, ಅವರು ಹೇಳಿದ್ದನ್ನು ಅತ್ತೆ ನನಗೆ ಹೇಳಬೇಕು. ನಮ್ಮಿಬ್ಬರ ನಡುವೆ ಆರು ಮೊಳ ಇತ್ತು, ಇಬ್ಬರಿಗೂ ಎಲ್ಲ ಕೇಳುತ್ತಿತ್ತು.

"ಅತ್ತಿ, ತೆಲಿ ಒಡೆದದ್ದು ಎಲ್ಲಿ ಅಂತ ಕೇಳ್ರಿ."

"ಎಲ್ಲಿ ಒಡೀತು ಅಂತ ಕೇಳಾಕತ್ತಾಳ್ರಿ" ಎಂದರು ಅತ್ತೆ.

"ಅಗಸ್ಯಾಗ ಅಂತ ಹೇಳು" ಎಂದರು ದೊಡ್ಡ ಮಾವ.

"ಅಗಸ್ಯಾಗ ಅಂತ."

"ಮತ್ತ ಅಲ್ಲೇ ಹೆಲ್ಮೆಟ್ ತಗೀ ಅಂದ್ರ ಹೆಂಗ ಅಂತ ಕೇಳ್ರಿ. ಎಲ್ಲಾ ಕಡಿ ಹಾಕ್ಕೊಂಡು ಬಂದು ಆ ಕಲ್ಲಿನ ಮುಂದ ಬರಿದೆಲೀಲೆ ಬರ್ಲೇನು?"

ಅತ್ತೆ ಇಷ್ಟುದ್ದದ್ದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ದೊಡ್ಡ ಮಾವ ಬಟ್ಟಲು ಕೆಳಗಿಟ್ಟರು. "ಅಲ್ಲಿ ಇಳ್ದು ನಡಕೋತ ಬರ್ಲಿ. ನಡಿಯವ್ರ ತೆಲಿ ಒಡಿಯೂದಿಲ್ಲ ಅಂತ ಹೇಳು."

ಮೂರು ವರ್ಷದ ಹಿಂದೆ ಗೆದ್ದದ್ದೂ ಅಲ್ಲಿಗೆ ಹೋಯಿತು. ಈ ದೊಡ್ಡ ಮಾವ ಕೆಟ್ಟವರಾಗಿದ್ದರೆ ನನಗೆ ಸುಲಭವಿತ್ತು. ನಾನು ಬಿದ್ದ ದಿನ ಜೀಪು ತರಿಸಲು ಬಿಸಿಲಲ್ಲಿ ಬರಿಗಾಲಲ್ಲಿ ಓಡಿದವರು ಅವರೇ. ಬಸವ ಜಯಂತಿಯ ದಿನ ಅದೇ ಕಟ್ಟೆಯ ಮೇಲೆ ಫೋಟೋ ಇಟ್ಟು ಪೂಜೆ ಮಾಡಿ, ಹೆಣ್ಣು ಗಂಡು ಎಂಬ ಭೇದವಿಲ್ಲ ಎಂದು ಯಾರೋ ಭಾಷಣ ಮಾಡಿದರೆ ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆಯುವವರೂ ಅವರೇ. ಭಾಷಣ ಮುಗಿದ ಮೇಲೆ ಅದೇ ಕಟ್ಟೆಯ ಮುಂದೆ ನಾನು ಸೆರಗು ಹೊದ್ದು ಹಾಯಬೇಕು. ಎರಡಕ್ಕೂ ಸಂಬಂಧವಿದೆ ಎಂಬುದು ಅವರ ತಲೆಗೆ ಹೊಳೆದೇ ಇರಲಿಲ್ಲ.

ಆರು ತಿಂಗಳು ಆ ನಿಯಮ ನಡೆಸಿದೆ. ನೀವೂ ಒಮ್ಮೆ ಮಾಡಿ ನೋಡಿ. ಅಗಸಿ ಮುಂದೆ ಇಳಿಯಬೇಕು. ಸ್ಟ್ಯಾಂಡ್ ಹಾಕಬೇಕು, ಇಲ್ಲದಿದ್ದರೆ ಡಬ್ಬಿಯ ಭಾರಕ್ಕೆ ಸೈಕಲ್ ಮಗುಚುತ್ತದೆ. ಗದ್ದದ ಕೆಳಗಿನ ಪಟ್ಟಿಯ ಕೊಂಡಿ ಬಿಚ್ಚಬೇಕು, ಅದು ಬೆವರಿಗೆ ಬಿಗಿದುಕೊಂಡಿರುತ್ತದೆ. ಹೆಲ್ಮೆಟ್ ತೆಗೆದರೆ ಕೂದಲೆಲ್ಲ ನೆತ್ತಿಗೆ ಅಂಟಿ ನಾನೇ ನನಗೆ ಗುರುತು ಸಿಗುವುದಿಲ್ಲ. ಅದನ್ನು ಹ್ಯಾಂಡಲ್ಲಿಗೆ ಸಿಕ್ಕಿಸಬೇಕು, ಸೆರಗು ಹೊದೆಯಬೇಕು, ಹತ್ತು ಹೆಜ್ಜೆ ತಳ್ಳಬೇಕು, ಆಚೆ ಹೋಗಿ ಮತ್ತೆ ಎಲ್ಲವನ್ನೂ ತಿರುಗಾಮುರುಗಾ ಮಾಡಬೇಕು. ಕಟ್ಟೆಯ ಮೇಲಿನ ರುಮಾಲುಗಳು ಇದನ್ನು ದಿನಕ್ಕೆ ನಾಲ್ಕು ಸಲ ನೋಡುತ್ತ ಕೂರುತ್ತಿದ್ದವು. ಒಂದು ದಿನ ಕೊಂಡಿ ಬಿಚ್ಚದೆ ಒದ್ದಾಡುತ್ತಿದ್ದಾಗ ಒಬ್ಬ ಅಜ್ಜ, "ಎಡಕ್ಕ ಜಗ್ಗವ್ವಾ" ಎಂದು ಉಪಾಯ ಹೇಳಿಕೊಟ್ಟ. ಅಷ್ಟರಮಟ್ಟಿಗೆ ಅವರಿಗೆ ರೂಢಿಯಾಗಿತ್ತು.

ಉಳಿದ ಮೂರು ಊರುಗಳ ಮಾತೇ ಬೇರೆ. ಅಲ್ಲಿ ಮೊದಲ ವಾರ ಹುಡುಗರು ಪೊಲೀಸ್ ಬಂದರೆಂದು ಓಡಿದರು, ನಾಯಿಗಳು ಬೆನ್ನು ಹತ್ತಿದವು, ನೋವು ತಿನ್ನುತ್ತ ಮಲಗಿದ್ದ ಒಬ್ಬ ಬಸುರಿ ನನ್ನನ್ನು ನೋಡಿ, "ಇದೇನ್ಬೇ ನರ್ಸಬಾಯಿ, ಕೊಡ ಬೋರಲ ಹಾಕ್ಕೊಂಡಿ?" ಎಂದು ನೋವಿನಲ್ಲೂ ನಕ್ಕಳು. ಎರಡನೇ ವಾರಕ್ಕೆ ಎಲ್ಲರೂ ಮರೆತರು. ಅಲ್ಲಿ ನಾನು ಯಾರ ಸೊಸೆಯೂ ಅಲ್ಲವಲ್ಲ. ಹಾಕಿಕೊಂಡರೂ ಅಷ್ಟೇ, ಬಿಟ್ಟರೂ ಅಷ್ಟೇ. ಒಂದು ಊರಿನ ಅಗಸಿ ದಾಟಿದರೆ ಮನುಷ್ಯಳಾಗಿ, ಇನ್ನೊಂದು ಊರಿನ ಅಗಸಿ ಬಂದರೆ ಸೊಸೆಯಾಗಿ, ದಿನವೆಲ್ಲ ಇದೇ ಆಟ.

ಈ ಆಟ ನಿಂತದ್ದು ದೊಡ್ಡ ಮಾವನ ಮಗಳಿಂದ. ಅವಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಒಂದು ಮಧ್ಯಾಹ್ನ ನಾನು ಪಕ್ಕದ ಊರಿನಿಂದ ಬರುವಷ್ಟರಲ್ಲಿ ದೊಡ್ಡ ಮಾವ ಅಗಸಿಯ ಹೊರಗೆ ರಸ್ತೆಯಲ್ಲೇ ನಿಂತಿದ್ದರು. ರುಮಾಲು ಬಿಚ್ಚಿ ಹೆಗಲಿಗೆ ಬಿದ್ದಿತ್ತು. ಅವರನ್ನು ಬರಿದಲೆಯಲ್ಲಿ ನಾನು ನೋಡಿದ್ದು ಅದೇ ಮೊದಲು.

"ಲಗೂ ಬಾರವ್ವಾ, ಲಗೂ ಬಾ! ಹುಡಿಗೀಗಿ ನೋವು ಭಾಳ ಆಗ್ಯಾವ!" ಎಂದರು. ನೇರ ನನಗೇ ಅಂದರು, ನಡುವೆ ಅತ್ತೆ ಇರಲಿಲ್ಲ.

ನಾನು ಇಳಿದೆ. ಸ್ಟ್ಯಾಂಡ್ ಹಾಕಿದೆ. ಕೊಂಡಿಗೆ ಕೈ ಹಾಕಿದೆ.

"ಇರ್ಲಿ ಬಿಡವ್ವಾ ಅದನ್ನ!"

ನಾನು ಉತ್ತರ ಕೊಡಲಿಲ್ಲ. ಸೊಸೆ ಉತ್ತರ ಕೊಡುವಂತಿಲ್ಲವಲ್ಲ. ಕೊಂಡಿ ಬಿಚ್ಚಿದೆ, ಹೆಲ್ಮೆಟ್ ತೆಗೆದೆ, ಹ್ಯಾಂಡಲ್ಲಿಗೆ ಸಿಕ್ಕಿಸಿದೆ, ಸೆರಗು ಬಿಡಿಸಿ ತಲೆಯ ಮೇಲೆ ಹೊದ್ದೆ, ಅಂಚು ಸರಿಪಡಿಸಿದೆ. ಹತ್ತು ಹೆಜ್ಜೆ ನಡೆದೆ. ಅವರು ನನ್ನ ಪಕ್ಕದಲ್ಲೇ, ಒಂದು ಕೈಯಲ್ಲಿ ಬಿಚ್ಚಿದ ರುಮಾಲು ಹಿಡಿದು, ನನ್ನ ಹೆಜ್ಜೆಗೆ ಹೆಜ್ಜೆ ಹಾಕುತ್ತ ಬಂದರು. ಅವರ ಉಸಿರು ನನಗೆ ಕೇಳುತ್ತಿತ್ತು. ಆಚೆ ಹೋಗಿ ಮತ್ತೆ ಹೆಲ್ಮೆಟ್ ಹಾಕಿಕೊಂಡು, ಕೊಂಡಿ ಬಿಗಿದು, ಸೈಕಲ್ ಹತ್ತಿದೆ.

ಹೆರಿಗೆ ಚೆನ್ನಾಗಿಯೇ ಆಯಿತು. ಹೆಣ್ಣು ಕೂಸು, ತಾಯಿಗೂ ಏನೂ ಆಗಲಿಲ್ಲ. ಆದರೆ ಆ ಹುಡುಗಿ ನನಗೇನೂ ಮಾಡಿರಲಿಲ್ಲ, ಅವಳ ನೋವಿನ ಹೊತ್ತಿನಲ್ಲಿ ನಾನು ನನ್ನ ಸಿಟ್ಟು ತೀರಿಸಿಕೊಂಡೆ. ಈಗ ನೆನೆದರೆ ನಾಚಿಕೆಯಾಗುತ್ತದೆ. ಅಂದು ಆಗಿರಲಿಲ್ಲ.

ಅದಾದ ಮೂರನೇ ದಿನ ದೊಡ್ಡ ಮಾವ ಅತ್ತೆಯನ್ನು ಕರೆಸಿದರು. ಅತ್ತೆ ಬಂದು ಹೇಳಿದರು: "ಹೆಲ್ಮೆಟ್ ತಗಿಯೂದು ಬ್ಯಾಡಂತ. ಇಳಿಯೂದೂ ಬ್ಯಾಡಂತ. ಖರೇ, ಸೆರಗ ಅಂತ ನಾಕ ಮಂದೀಗಿ ಕಾಣ್ಬೇಕಂತ."

"ಅಂದ್ರ?"

"ಅಂದ್ರ ನಂಗೂ ತಿಳೀಲಿಲ್ಲ, ಅವ್ರಿಗೂ ತಿಳೀಲಿಲ್ಲ. ಕೂಡು, ನೋಡೂಣು."

ಅತ್ತೆ ತಮ್ಮ ಟ್ರಂಕು ತೆಗೆದರು. ಒಳಗೆ ಅವರ ಮದುವೆ ಕಾಲದ ಇಳಕಲ್ ಸೀರೆ, ಮಡಿಕೆಗಳಲ್ಲಿ ಪಿಸಿದುಹೋದದ್ದು. ಅದರ ಸೆರಗಿನಿಂದ ಒಂದು ಮೊಳ ಹರಿದರು. ಗಂಡ ಸತ್ತ ಮೇಲೆ ಉಡದೆ ಇಪ್ಪತ್ತು ವರ್ಷ ಕಾಪಾಡಿಕೊಂಡ ಸೀರೆಯನ್ನು ಪರ್ರೆಂದು ಹರಿದರು. ನಾನು ಬ್ಯಾಡ್ರಿ ಬ್ಯಾಡ್ರಿ ಎನ್ನುತ್ತಿದ್ದಂತೆಯೇ ಆ ತುಂಡನ್ನೂ ಹೆಲ್ಮೆಟ್ಟನ್ನೂ ತೆಗೆದುಕೊಂಡು ಮಸೀದಿ ಓಣಿಯ ಟೇಲರ್ ಚಾಚಾನ ಹತ್ತಿರ ನಡೆದರು. ಚಾಚಾ ಇಂಥದ್ದನ್ನು ಜನ್ಮದಲ್ಲಿ ಹೊಲಿದಿರಲಿಲ್ಲ. ಹೆಲ್ಮೆಟ್ಟನ್ನು ಮೊಣಕಾಲಿನ ಮೇಲೆ ಬೋರಲಿಟ್ಟುಕೊಂಡು ಬಹಳ ಹೊತ್ತು ಯೋಚಿಸಿದ.

"ಮಿಷನ್ ಮ್ಯಾಲ ಕೂಡೂದಿಲ್ಲ ಬೇಟಿ. ಕೈಲೇ ಹಾಕ್ತೀನಿ" ಎಂದ. ಒಳಗಿನ ಮೆತ್ತೆಯ ಅಂಚಿಗೆ ದಪ್ಪ ಸೂಜಿಯಿಂದ ಆ ಕೆಂಪು ಸೆರಗನ್ನು ನೆರಿಗೆ ಹಿಡಿದು ಹೊಲಿದ. ಹಾಕಿಕೊಂಡರೆ ಕಿವಿಯ ಹಿಂದಿನಿಂದ ಬೆನ್ನಿನವರೆಗೆ ಮೊಳದಷ್ಟು ಇಳಕಲ್ ಸೆರಗು ಇಳಿಬೀಳುತ್ತಿತ್ತು. ಚಕ್ರಕ್ಕೆ ಮುಟ್ಟುವಷ್ಟು ಉದ್ದವಿರಲಿಲ್ಲ, ಕೈಯಲ್ಲಿ ಹಿಡಿಯುವ ಕೆಲಸವಿರಲಿಲ್ಲ.

ಮರುದಿನ ನಾನು ನನ್ನ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು ಸಿಕ್ಕಿಸಿ, ಎರಡೂ ಕೈಯಲ್ಲಿ ಹ್ಯಾಂಡಲ್ ಹಿಡಿದು, ಇಳಿಯದೆ ಅಗಸಿ ದಾಟಿದೆ. ರುಮಾಲುಗಳೆಲ್ಲ ನೋಡಿದವು. ದೊಡ್ಡ ಮಾವ ಕಣ್ಣು ಕಿರಿದು ಮಾಡಿ ನೋಡಿ, "ಹಾಂ, ಅದ, ಸೆರಗ ಅದ" ಎಂದರು. ಪಕ್ಕದವರೂ "ಅದ, ಅದ" ಎಂದರು.

ಊರಿಗೆ ಸಮಾಧಾನವಾಯಿತು, ಮನೆಗೆ ಸಮಾಧಾನವಾಯಿತು, ನನ್ನ ಗಂಡನ ಮುಖ ಎಷ್ಟೋ ತಿಂಗಳ ಮೇಲೆ ಅರಳಿತು. ನನಗೆ ಮಾತ್ರ ಆಗಲಿಲ್ಲ. ಇಷ್ಟೇನಾ? ಒಂದು ಮೊಳ ಬಟ್ಟೆ ಕಂಡರೆ ಸಾಕಾಗಿತ್ತೆ? ಹಾಗಿದ್ದರೆ ಅದನ್ನು ಮೊದಲೇ ಹೇಳಬಾರದಿತ್ತೆ? ಇಷ್ಟು ಬಟ್ಟೆಗಾಗಿ ನನ್ನ ತಲೆಯ ಎಲುಬು ಹೋಯಿತು ಎಂದು ಅಂದು ಒಲೆಯ ಮುಂದೆ ಕುಳಿತು ಕಣ್ಣೀರು ಹಾಕಿದೆ. ಅತ್ತೆಯವರು ಬಂದು ಪಕ್ಕದಲ್ಲಿ ಕುಳಿತು, ನನ್ನ ಕೈಯಿಂದ ಹಿಟ್ಟು ತೆಗೆದುಕೊಂಡು ರೊಟ್ಟಿ ಬಡಿದರು.

ಬಿದ್ದ ಮೂರನೇ ವರ್ಷಕ್ಕೆ ಎರಡನೇ ಆಪರೇಷನ್ ಆಯಿತು. ಗಂಡನಿಗೆ ರಜೆ ಸಿಗದೆ ಅತ್ತೆಯೇ ನನ್ನ ಜೊತೆ ಸೊಲ್ಲಾಪುರಕ್ಕೆ ಬಂದಿದ್ದರು. ಅದೇ ಡಾಕ್ಟರು ಆ ಜಾಗಕ್ಕೆ ಏನೋ ಗಟ್ಟಿಯಾದದ್ದನ್ನು ಕೂಡಿಸಿ ಮುಚ್ಚಿದರು. ಗಾಯ ಮಾಗಿದ ಮೇಲೆ ಬೆರಳಿನಿಂದ ಟಕಟಕ ಬಡಿದು ತೋರಿಸಿದರು. "ಮುಗೀತು ಬಾಯಿ. ಇನ್ನ ಎಲ್ಲಾರ ತೆಲಿ ಹೆಂಗೋ ನಿಮ್ದೂ ಹಂಗ. ಹೆಲ್ಮೆಟ್ ಹಾಕ್ಕೊಂಡ್ರ ಛಲೋ, ಹಾಕ್ಕೊಳ್ಳಲೇಬೇಕಂತೇನಿಲ್ಲ."

ಬಸ್ಸಿನಲ್ಲಿ ಬರುವಾಗ ನಾನು ಕಿಟಕಿಗೆ ತಲೆಯಿಟ್ಟು ಲೆಕ್ಕ ಹಾಕುತ್ತಿದ್ದೆ. ಆ ಹೆಲ್ಮೆಟ್ ನನಗೆ ಸಾಕಾಗಿತ್ತು. ಬೇಸಿಗೆಯಲ್ಲಿ ಒಳಗೆ ತಲೆ ಬೇಯುತ್ತಿತ್ತು, ಹಿಂದಿನಿಂದ ಯಾರು ಕರೆದರೂ ಕೇಳುತ್ತಿರಲಿಲ್ಲ, ಕೂದಲು ಉದುರುತ್ತಿತ್ತು. ತೆಗೆದು ಎಸೆಯಬೇಕು ಎನಿಸುತ್ತಿತ್ತು. ಆದರೆ ತಲೆ ಗಟ್ಟಿಯಾಯಿತು ಎಂದು ಗೊತ್ತಾದರೆ ಹೆಲ್ಮೆಟ್ಟಿನ ಕಾರಣ ಹೋಯಿತು. ಹೆಲ್ಮೆಟ್ ಹೋದರೆ ಸೊಂಟದ ಸೆರಗು ಮತ್ತೆ ತಲೆಗೆ, ಬಲಗೈ ಮತ್ತೆ ಹ್ಯಾಂಡಲ್ ಬಿಟ್ಟು ಕಿವಿಗೆ. ಅದೇ ಅಗಸಿ, ಅದೇ ಮೂಲೆಗಲ್ಲು.

ಮನೆಗೆ ಬಂದಾಗ ಪಡಸಾಲೆಯಲ್ಲಿ ಗಂಡ ಮತ್ತು ದೊಡ್ಡ ಮಾವ ಇಬ್ಬರೂ ಕಾಯುತ್ತಿದ್ದರು. "ಡಾಕ್ಟರ್ ಏನಂದ್ರು?" ಎಂದು ಗಂಡ ಕೇಳಿದರು. ನಾನು ಇನ್ನೂ ಬಾಯಿ ತೆರೆದಿರಲಿಲ್ಲ.

"ಜೀವ ಇರೂತನಕ ಹಾಕ್ಕೋಬೇಕಂತ" ಎಂದರು ಅತ್ತೆ, ಚಪ್ಪಲಿ ಬಿಡುತ್ತ.

ಆಮೇಲೆ ಅಡುಗೆಮನೆಯಲ್ಲಿ ನಾನು ಅವರ ಮುಖ ನೋಡಿದೆ. ಅವರು ನನ್ನ ಮುಖ ನೋಡಲಿಲ್ಲ. "ಸುಳ್ಳ್ಯಾಕ ಹೇಳಿದ್ರಿ ಅತ್ತಿ?" ಎಂದರೆ, "ನಿಂಗ ತೆಲಿ ಬೇಕೋ, ಬ್ಯಾಡೋ?" ಎಂದು ನನಗೇ ಗದರಿಸಿದರು. ಅದೇ ಸುಳ್ಳಿನ ಮೇಲೆ ನಾನು ಎಂಟು ವರ್ಷ ಹೆಲ್ಮೆಟ್ ಹಾಕಿದೆ. ಗಂಡನಿಗೂ ಹೇಳಲಿಲ್ಲ. ಸೆರಗಿನ ತುಂಡು ಬಣ್ಣಗೆಟ್ಟು ಒಮ್ಮೆ ಬದಲಾಯಿತು. ಚಾಚಾನೇ ಹೊಲಿದುಕೊಟ್ಟ.

ತೊಂಬತ್ತರ ದಶಕ ಶುರುವಾದ ಮೇಲೆ ಅತ್ತೆ ತೀರಿಹೋದರು. ಮರುವರ್ಷ ನನಗೆ ಜೇವರ್ಗಿ ತಾಲ್ಲೂಕಿಗೆ, ನೆಲೋಗಿಯ ಕಡೆಗೆ ವರ್ಗವಾಯಿತು. ಗಂಡನೂ ಜೇವರ್ಗಿಗೆ ಬದಲಿ ಮಾಡಿಸಿಕೊಂಡರು. ಅಲ್ಲಿ ನಾನು ಯಾರ ಸೊಸೆಯೂ ಅಲ್ಲ. ಆ ಕಡೆಯ ಒಂದು ಊರಲ್ಲೂ ನನ್ನ ಗಂಡನ ಕಡೆಯ ಒಂದು ರುಮಾಲೂ ಇರಲಿಲ್ಲ. ಕೆಲಸದ ಮೊದಲ ದಿನ ಹೆಲ್ಮೆಟ್ ಗೂಟಕ್ಕೆ ಹಾಕಿ, ಬರಿದಲೆಯಲ್ಲಿ ಹೊರಬಿದ್ದೆ. "ಡಾಕ್ಟರ್ ಹೇಳಿದ್ರಲ್ಲ" ಎಂದು ಗಂಡ ಬಾಗಿಲಿಗೆ ಬಂದರು. "ಡಾಕ್ಟರ್ ಹಂಗ ಹೇಳೇ ಇಲ್ರಿ" ಎಂದು ಕೂಗಿ ಹೇಳಿ ಪೆಡಲ್ ತುಳಿದೆ. ಅವರ ಮುಖ ನೋಡಲು ತಿರುಗಲಿಲ್ಲ.

ಎಷ್ಟು ಹಗುರವಿತ್ತು! ತಲೆಗೆ ಗಾಳಿ ಹತ್ತುತ್ತಿತ್ತು. ಎರಡೂ ಬದಿ ತೊಗರಿ, ಹಿಂದೆ ಎಲ್ಲೋ ಬಸ್ಸಿನ ಹಾರ್ನು, ಹೊಲದಲ್ಲಿ ಹೆಂಗಸರು ಮಾತಾಡುವುದು, ಎಲ್ಲ ಕೇಳುತ್ತಿತ್ತು. ಸೆರಗು ಸೊಂಟದಲ್ಲಿ ಬಿಗಿಯಾಗಿತ್ತು. ನಲವತ್ತರ ಹತ್ತಿರದ ಹೆಂಗಸು, ಆಳಂದದ ಅಪ್ಪನ ಅಂಗಡಿಯ ಮುಂದೆ ಹೊಡೆದ ಹಾಗೆ ಸೈಕಲ್ ಹೊಡೆದೆ. ಹನ್ನೊಂದು ವರ್ಷದ ಸಿಟ್ಟು ಇಳಿಯಿತು ಅಂದುಕೊಂಡೆ.

ಮೊದಲ ಊರು ಬಂತು. ಅಲ್ಲೂ ಒಂದು ಅಗಸಿ, ಒಳಗೆ ಕಟ್ಟೆ, ಕಟ್ಟೆಯ ಮೇಲೆ ಮೂರು ಜನ ಮುದುಕರು. ಅವರು ಯಾರೋ ನನಗೆ ಗೊತ್ತಿಲ್ಲ, ನಾನು ಯಾರೋ ಅವರಿಗೆ ಗೊತ್ತಿಲ್ಲ. ಇಪ್ಪತ್ತು ಮಾರು ದೂರವಿರುವಾಗ ನನ್ನ ಬಲಗೈ ಹ್ಯಾಂಡಲ್ ಬಿಟ್ಟಿತು.

ನಾನು ಬಿಡಲಿಲ್ಲ, ಅದೇ ಬಿಟ್ಟಿತು. ಹೆಗಲಿಗೆ ಹೋಗಿ ಸೆರಗು ಹುಡುಕಿತು. ಸೆರಗು ಸೊಂಟದಲ್ಲಿತ್ತು. ಕೈಗೆ ಸಿಗದೆ ಅದು ಹೆಗಲ ಮೇಲೆ, ಕುತ್ತಿಗೆಯ ಮೇಲೆ ತಡಕಾಡಿತು. ಅಗಸಿ ಹತ್ತಿರ ಬರುವಷ್ಟರಲ್ಲಿ ಮುಂದಿನ ಚಕ್ರ ಮರಳಿನಲ್ಲಿ ಹೊರಳಿತು. ಹೇಗೋ ಕಾಲು ಊರಿ ನಿಂತೆ. ನನ್ನ ತಲೆಗೂ ಅಗಸಿಯ ಕಲ್ಲಿಗೂ ಒಂದು ಮೊಳ ಅಂತರವಿತ್ತು.

ಕಟ್ಟೆಯಿಂದ ಒಬ್ಬ ಮುದುಕ ಎದ್ದು ಬಂದ. "ಯಾಕ್ರೀ ಬಾಯಾರ, ಇಳಿದ್ರಿ? ನಮ್ಮೂರಾಗ ಇಳಿಯೂ ಪದ್ಧತಿ ಇಲ್ರಿ. ಹಂಗೇ ಹೋಗ್ರಿ, ಯಾರೂ ಏನೂ ಅನ್ನೂದಿಲ್ಲ" ಎಂದ.

ಹೌದು, ಯಾರೂ ಏನೂ ಅಂದಿರಲಿಲ್ಲ. ಬೈಯಲು ಅಲ್ಲಿ ದೊಡ್ಡ ಮಾವನಿರಲಿಲ್ಲ. ಬಾಗಿಲ ಮರೆಯಿಂದ ವಾದ ಮಾಡಲು ಯಾರೂ ಇರಲಿಲ್ಲ. ಬಲಗೈ ಇನ್ನೂ ಹೆಗಲ ಮೇಲೇ ಇತ್ತು, ಅದನ್ನು ಎಡಗೈಯಿಂದ ಹಿಡಿದು ಕೆಳಗಿಳಿಸಿದೆ. ಆ ಊರಿನ ಕೆಲಸ ಮುಗಿಸಿ ಇಡೀ ದಾರಿ ಸೈಕಲ್ ತಳ್ಳಿಕೊಂಡೇ ಮನೆಗೆ ಬಂದೆ.

ಮರುದಿನ ಬೆಳಿಗ್ಗೆ ಗೂಟದಿಂದ ಹೆಲ್ಮೆಟ್ ತೆಗೆದು ಹಾಕಿಕೊಂಡೆ. ಆ ತಾಲ್ಲೂಕಿನಲ್ಲಿ ನನ್ನಿಂದ ಸೆರಗು ಕೇಳುವವರು ಒಬ್ಬರೂ ಇರಲಿಲ್ಲ, ನನ್ನ ಈ ಕೈಯನ್ನು ಬಿಟ್ಟರೆ.